ಗರ್ಭ ನುಡಿದ ಸುಳ್ಳು ಸಾಕ್ಷಿ



ಶರೀರದ ಬಗ್ಗೆ ವೈದ್ಯರು ತಪ್ಪು ತಿಳಿದರೆ ರೋಗಿಗೆ ತೊಂದರೆಯಾಗುತ್ತದೆ ಎಂಬುದು ನಿಮಗೆ ಗೊತ್ತು. ಅದೇ ತಪ್ಪು ನ್ಯಾಯಾಲಯದೊಳಕ್ಕೆ ಕಾಲಿಟ್ಟರೆ ಏನಾಗುತ್ತದೆ? ಹೆಣ್ಣಿನ ಲೈಂಗಿಕ ಸ್ಪಂದನವನ್ನು ಕುರಿತ ಒಂದು ನಂಬಿಕೆ ಯೂರೋಪಿನಲ್ಲಿ ಶತಮಾನಗಳ ಕಾಲ ಅನ್ಯಾಯಕ್ಕೆ ದಾರಿಯಾಯಿತು. ಈ ವಿಷಯವನ್ನು ಮಾತನಾಡಲು ನಿಮಗೆ ಸಂಕೋಚವೆನಿಸಬಹುದು. ಆದರೆ ಇಂಥ ನಂಬಿಕೆಗಳು ಬೆಳೆದು ನಿಂತದ್ದೂ ಸಂಕೋಚದ ನೆರಳಿನಲ್ಲೇ.

ಪ್ರಾಚೀನ ಗ್ರೀಕ್ ವೈದ್ಯರಲ್ಲಿ ಅನೇಕರು ಗಂಡಿನಂತೆ ಹೆಣ್ಣೂ ಬೀಜವನ್ನು ಸ್ರವಿಸುತ್ತಾಳೆ, ಎರಡೂ ಬೆರೆತು ಗರ್ಭ ನಿಲ್ಲುತ್ತದೆ ಎಂದು ತಿಳಿದಿದ್ದರು. ಎರಡನೆಯ ಶತಮಾನದ ಗ್ಯಾಲೆನ್ ಈ ವಾದವನ್ನು ಬಲಪಡಿಸಿದ. ಸುಖದ ಪರಾಕಾಷ್ಠೆಯಿಲ್ಲದೆ ಹೆಣ್ಣಿನ ಬೀಜ ಹೊರಬರದು ಎಂಬ ಅಭಿಪ್ರಾಯವೂ ಇದರ ಜೊತೆಗೇ ಬೆಳೆಯಿತು. ಸುಖವಿಲ್ಲದೆಯೂ ಹೆಣ್ಣು ಗರ್ಭ ಧರಿಸಬಲ್ಲಳು ಎಂದು ಅರಿಸ್ಟಾಟಲ್ ಮೊದಲೇ ಹೇಳಿದ್ದನಾದರೂ ಆ ಮಾತು ಹಿಂದೆ ಬಿತ್ತು. ಎಫೆಸಸ್ಸಿನ ವೈದ್ಯ ಸೊರಾನಸ್ ಅಂತೂ, ಬಲಾತ್ಕಾರಕ್ಕೊಳಗಾದ ಹೆಣ್ಣು ಗರ್ಭಿಣಿಯಾದರೆ ಅವಳಿಗೇ ಅರಿವಾಗದ ಬಯಕೆ ಅವಳಲ್ಲಿ ಇದ್ದಿರಬೇಕು ಎಂದು ಬರೆದ. ಅವಳ ಮಾತಿಗಿಂತ ಅವಳ ಗರ್ಭವನ್ನೇ ನಂಬುವ ತರ್ಕ ಇದು.

ಈ ತರ್ಕ ಇಂಗ್ಲೆಂಡಿನ ಕಾನೂನು ಗ್ರಂಥಗಳಿಗೆ 13ನೆಯ ಶತಮಾನದ ಕೊನೆಯ ವೇಳೆಗೇ ಬಂದು ಸೇರಿತ್ತು. 1618ರಲ್ಲಿ ಮೈಕೇಲ್ ಡಾಲ್ಟನ್ ಎಂಬಾತ ಸ್ಥಳೀಯ ನ್ಯಾಯಾಧಿಕಾರಿಗಳಿಗಾಗಿ ಒಂದು ಕೈಪಿಡಿ ಪ್ರಕಟಿಸಿದ. ಅತ್ಯಾಚಾರವಾಯಿತೆಂದು ದೂರುವ ಹೆಣ್ಣು ಅದರಿಂದ ಗರ್ಭ ಧರಿಸಿದ್ದರೆ ಅದು ಅತ್ಯಾಚಾರವಲ್ಲ, ಸಮ್ಮತಿಯಿಲ್ಲದೆ ಗರ್ಭ ನಿಲ್ಲುವುದಿಲ್ಲ ಎಂಬುದು ಅದರಲ್ಲಿದ್ದ ಸೂಚನೆ. ಯೋಚಿಸಿ ನೋಡಿ: ಅತ್ಯಂತ ನೊಂದವಳೇ ಇಲ್ಲಿ ಸುಳ್ಳುಗಾತಿಯಾಗುತ್ತಿದ್ದಳು. ಇದು ಕಾನೂನಲ್ಲ ಎಂದು 17ನೆಯ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ತಳ್ಳಿಹಾಕಿದರೂ, 1788ರಲ್ಲಿ ಸ್ಯಾಮ್ಯುಯೆಲ್ ಫಾರ್ ಬರೆದ ನ್ಯಾಯವೈದ್ಯಕೀಯ ಪುಸ್ತಕದಲ್ಲಿ ಅದೇ ನಂಬಿಕೆ ಮತ್ತೆ ತಲೆ ಎತ್ತಿತು.

ಅಷ್ಟರಲ್ಲಿ ಪ್ರಯೋಗಶಾಲೆ ಬೇರೆಯದನ್ನೇ ಹೇಳತೊಡಗಿತ್ತು. ಇಟಲಿಯ ಸ್ಪಲ್ಲಂಜಾನಿ ಒಂದು ಹೆಣ್ಣು ನಾಯಿಗೆ ಪಿಚಕಾರಿಯ ಮೂಲಕ ವೀರ್ಯವನ್ನು ಸೇರಿಸಿದ; 62 ದಿನಗಳ ನಂತರ ಅದು ಮೂರು ಮರಿ ಹಾಕಿತು. ಕೂಡುವಿಕೆಯೇ ಇಲ್ಲದ ಮೇಲೆ ಸುಖದ ಪ್ರಶ್ನೆ ಎಲ್ಲಿ? 1827ರಲ್ಲಿ ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ಸಸ್ತನಿಗಳ ಅಂಡಾಣುವನ್ನು ಗುರುತಿಸಿದ. 1843ರಲ್ಲಿ ಬಿಷಾಫ್, ನಾಯಿಗಳಲ್ಲಿ ಕೂಡುವಿಕೆಯಿಲ್ಲದೆಯೂ ಅಂಡಾಣು ಬಿಡುಗಡೆಯಾಗುವುದನ್ನು ತೋರಿಸಿದ. ಮನುಷ್ಯರಲ್ಲೂ ಅಂಡಾಣುವನ್ನು ಬಿಡುಗಡೆ ಮಾಡಿಸುವುದು ಹಾರ್ಮೋನುಗಳ ಮಾಸಿಕ ಚಕ್ರ. ಹೆಣ್ಣಿನ ಇಷ್ಟಾನಿಷ್ಟ ಅದಕ್ಕೆ ತಿಳಿಯದು.

ಆದರೆ ಲೋಲಕ ಇನ್ನೊಂದು ತುದಿಗೆ ಹೋಯಿತು. ಗರ್ಭಕ್ಕೆ ಬೇಡವಾದ ಹೆಣ್ಣಿನ ಸುಖ ವೈದ್ಯರ ಗಮನಕ್ಕೂ ಬೇಡವಾಯಿತು. ಬಹುಪಾಲು ಹೆಂಗಸರಿಗೆ ಲೈಂಗಿಕ ಭಾವನೆಯ ಕಾಟ ಅಷ್ಟಾಗಿ ಇಲ್ಲವೆಂದು ಇಂಗ್ಲೆಂಡಿನ ವಿಲಿಯಂ ಆ್ಯಕ್ಟನ್ ಬರೆದ. ಇದೂ ಪರೀಕ್ಷಿಸದೆ ಆಡಿದ ಮಾತೇ.

ಪರೀಕ್ಷೆ ನಡೆದದ್ದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 382 ಸ್ತ್ರೀಯರನ್ನೂ 312 ಪುರುಷರನ್ನೂ ಅಧ್ಯಯನ ಮಾಡಿ 1966ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉದ್ರೇಕವಾದಾಗ ಜನನಾಂಗಗಳಿಗೆ ರಕ್ತದ ಹರಿವು ಹೆಚ್ಚುತ್ತದೆ, ಎದೆಬಡಿತ, ಉಸಿರಾಟ ಚುರುಕಾಗುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಪರಾಕಾಷ್ಠೆಯಲ್ಲಿ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಸುಮಾರು 0.8 ಸೆಕೆಂಡಿಗೊಮ್ಮೆ ಸಂಕುಚಿಸುತ್ತವೆ. ಆಮೇಲೆ ದೇಹ ಮೊದಲಿನ ಸ್ಥಿತಿಗೆ ಮರಳುತ್ತದೆ. ಹೆಣ್ಣು ಗಂಡುಗಳಲ್ಲಿ ಈ ಕ್ರಿಯೆ ಬಹುಮಟ್ಟಿಗೆ ಒಂದೇ ಬಗೆಯದು.

ಒಂದು ಅಂಶವನ್ನು ನೀವು ಮರೆಯಬಾರದು. ಹುಣಸೆಹಣ್ಣು ಕಂಡಾಗ ಬಾಯಲ್ಲಿ ನೀರೂರುತ್ತದೆ. ಅದು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಹಾಗೆಯೇ ಜನನಾಂಗಗಳ ಪ್ರತಿಕ್ರಿಯೆ ಮನಸ್ಸು ಒಲ್ಲದಿರುವಾಗಲೂ, ಭಯವಿರುವಾಗಲೂ ಉಂಟಾಗಬಹುದು. ಅದು ಒಪ್ಪಿಗೆಯಲ್ಲ. ಗರ್ಭವೂ ಒಪ್ಪಿಗೆಯಲ್ಲ.

ಇದೆಲ್ಲ ಹಳೆಯ ಕಥೆ ಎನ್ನುತ್ತೀರಾ? 2012ರಲ್ಲಿ ಅದೇ ಮಿಸೌರಿಯ ಸಂಸತ್ ಸದಸ್ಯ ಟಾಡ್ ಏಕಿನ್, ನಿಜವಾದ ಅತ್ಯಾಚಾರವಾದರೆ ಗರ್ಭ ನಿಲ್ಲದಂತೆ ತಡೆಯುವ ದಾರಿ ಹೆಣ್ಣಿನ ದೇಹಕ್ಕೇ ಇದೆ ಎಂಬರ್ಥದ ಮಾತನಾಡಿದರು. ವೈದ್ಯರು ಖಂಡಿಸಿದರು, ಆ ವರ್ಷದ ಸೆನೆಟ್ ಚುನಾವಣೆಯಲ್ಲಿ ಅವರು ಸೋತರು. ಸೊರಾನಸನ ಊಹೆಗೆ ಆಗ ಸುಮಾರು 1900 ವರ್ಷ ವಯಸ್ಸು.

ಶರೀರಶಾಸ್ತ್ರ ದೇಹದ ಕೆಲಸವನ್ನು ವಿವರಿಸಬಲ್ಲದು. ಒಬ್ಬರು ಒಪ್ಪಿದರೇ ಇಲ್ಲವೇ ಎಂಬುದನ್ನು ಅವರನ್ನೇ ಕೇಳಬೇಕು, ಅವರ ಮಾತನ್ನು ಗೌರವಿಸಬೇಕು. ನಿಮ್ಮಲ್ಲಿ ನಾಳೆ ವೈದ್ಯರಾಗುವವರು, ವಕೀಲರಾಗುವವರು, ಪೊಲೀಸ್ ಅಧಿಕಾರಿಗಳಾಗುವವರು ಇದ್ದೀರಿ. ದೂರು ಹೊತ್ತು ಬಂದವರೊಬ್ಬರು ನಿಮ್ಮೆದುರು ಕುಳಿತ ದಿನ ಈ ಚರಿತ್ರೆ ನೆನಪಿಗೆ ಬರಲಿ.