ಕನ್ನಡಕದ ಕಸುಬಿಗೆ ಬಂದ ಎಂಜಿನಿಯರ್
ಸ್ನಾತಕೋತ್ತರ ಓದನ್ನು ಅರ್ಧಕ್ಕೆ ಬಿಟ್ಟು ಆಪ್ಟೋಮೆಟ್ರಿ (ದೃಷ್ಟಿ ಪರೀಕ್ಷಿಸಿ ಕನ್ನಡಕ ಸೂಚಿಸುವ ವೃತ್ತಿ) ಶಾಲೆ ಸೇರುವವರನ್ನು ದಾರಿ ತಪ್ಪಿದವರೆಂದು ಕಾಣುವುದುಂಟು. ಅಮೆರಿಕದಲ್ಲಿ ಆ ವೃತ್ತಿಯನ್ನು ಕಟ್ಟಿದವರಲ್ಲಿ ಪ್ರಮುಖನಾದ ಚಾರ್ಲ್ಸ್ ಪ್ರೆಂಟಿಸ್ ಸ್ವತಃ ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಿ, ನ್ಯೂಯಾರ್ಕ್‌ನಲ್ಲಿ ಕನ್ನಡಕದ ಕಸುಬಿಗೆ ಇಳಿದವನು. ಹಳೆಯ ಓದು ವ್ಯರ್ಥವಾಗಲಿಲ್ಲ. ಪ್ರಿಸಂನ ಬಲ ಅಳೆಯಲು ಇಂದಿಗೂ ಬಳಸುವ ಪ್ರಿಸಂ ಡಯಾಪ್ಟರ್ ಅವನ ಕೊಡುಗೆ. 1890ರ ದಶಕದಲ್ಲಿ ಅವನು ಕಣ್ಣು ಪರೀಕ್ಷೆಗೆ ಶುಲ್ಕ ಪಡೆದಾಗ ನೇತ್ರವೈದ್ಯರು ತಿರುಗಿಬಿದ್ದರು: ವೈದ್ಯಕೀಯ ಓದದವನಿಗೆ ರೋಗ ತಿಳಿದೀತೇ? ಆಕ್ಷೇಪದಲ್ಲಿ ಹೊಟ್ಟೆಕಿಚ್ಚೂ ಬೆರೆತಿದ್ದೀತು, ಆದರೂ ಅದು ಪೊಳ್ಳಲ್ಲ. ದೃಷ್ಟಿದೋಷಕ್ಕೆ ಬೆಳಕಿನ ಗಣಿತ ಸಾಕು, ಗ್ಲಾಕೋಮಾದಂಥ ಕಣ್ಣಿನ ರೋಗ ಗುರುತಿಸಲು ಸಾಲದು. ಈ ಕೊರತೆ ತುಂಬಲು ಪರವಾನಗಿಯೂ ಪಾಠವೂ ಬೇಕಾದವು: 1901ರಲ್ಲಿ ಮಿನೆಸೋಟ ರಾಜ್ಯ ದೇಶದ ಮೊದಲ ಆಪ್ಟೋಮೆಟ್ರಿ ಕಾಯಿದೆ ತಂದಿತು, 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ತರಗತಿ ತೆರೆಯಿತು. ಹಾಗೆಯೇ ಇಂದು, ಉದಾಹರಣೆಗೆ, ಭೌತಶಾಸ್ತ್ರದ ಎಂ.ಎಸ್ಸಿ. ಬಿಟ್ಟು ಬಂದವರಿಗೆ ಹಿಂದಿನ ಓದು ನೆರವಾಗುತ್ತದೆ, ಆದರೆ ಆಪ್ಟೋಮೆಟ್ರಿ ಶಾಲೆಯ ವರ್ಷಗಳನ್ನಂತೂ ಕಡಿಮೆ ಮಾಡಬಾರದು.