ಹಲ್ಲಿ, ಓತಿ ಮೊಟ್ಟೆಗಳ ಕಾವಿನ ಹಾಸು: ಸ್ವೀಡನ್ನಿನ ಚರಿತ್ರೆ

ಸರೀಸೃಪದ ಮೊಟ್ಟೆ ಒಡೆದು ಮರಿಯಾಗುವವರೆಗೆ ಅದನ್ನು ಹುದುಗಿಸಿಡುವ ಅಥವಾ ಕೂರಿಸಿಡುವ ವಸ್ತುವೇ ಕಾವಿನ ಹಾಸು. ಮರಳು, ಗೊಬ್ಬರ, ಪಾಚಿ, ಪೀಟ್, ವರ್ಮಿಕ್ಯುಲೈಟ್, ಪರ್ಲೈಟ್, ಸುಟ್ಟ ಜೇಡಿಯ ಗುಂಡು ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಹಾಸಾಗಿ ಬಳಕೆಯಾಗಿವೆ. ಕೋಳಿಯಂತೆ ಮೊಟ್ಟೆಯ ಮೇಲೆ ಕೂತು ಕಾವು ಕೊಡುವ ರೂಢಿ ಹಲ್ಲಿಗಿಲ್ಲ. ಅದು ಮೊಟ್ಟೆ ಇಟ್ಟು ಹೋದರೆ ಮುಂದಿನದೆಲ್ಲ ಹಾಸಿನ ಪಾಲು. ಹಾಸು ಮಾಡಬೇಕಾದ ಕೆಲಸ ಎರಡು: ಬಿಸಿ ಹಿಡಿದಿಡುವುದು, ನೀರು ಒದಗಿಸುವುದು. ಪ್ರಕೃತಿಯಲ್ಲಿ ಇವೆರಡೂ ಒಂದೇ ಗುಂಡಿಯಲ್ಲಿ ನಡೆಯುತ್ತವೆ. ಮನುಷ್ಯನ ಕೈಗೆ ಬಂದ ಮೇಲೆ ಬಿಸಿಯ ಹೊಣೆ ಯಂತ್ರಕ್ಕೆ ಹೋಯಿತು, ಹಾಸಿಗೆ ನೀರಿನ ಹೊಣೆಯೊಂದೇ ಉಳಿಯಿತು. ಬೇಸಿಗೆ ಮೋಟಾಗಿರುವ ಸ್ವೀಡನ್ನಿನಲ್ಲಿ ಈ ಬೇರ್ಪಡಿಕೆ ಬೇರೆಡೆಗಿಂತ ನಿಚ್ಚಳವಾಗಿ ಕಾಣುತ್ತದೆ.

ಆ ದೇಶದಲ್ಲಿ ಸ್ಥಳೀಯ ಹಲ್ಲಿ ಎಂಬುದೇ ಇಲ್ಲ. ಇರುವ ಸರೀಸೃಪ ಪ್ರಭೇದಗಳು ಆರು, ಅವುಗಳಲ್ಲಿ ಮೊಟ್ಟೆ ಇಡುವವು ಎರಡೇ: ಸ್ನೂಕ್ ಎಂದು ಕರೆಯುವ ಹುಲ್ಲುಹಾವು ಮತ್ತು ಮರಳೋತಿ. ಉಳಿದ ನಾಲ್ಕು ಮರಿ ಹಾಕುತ್ತವೆ. ಚಳಿ ನಾಡಿನಲ್ಲಿ ಮೊಟ್ಟೆಯನ್ನು ನೆಲಕ್ಕೆ ಒಪ್ಪಿಸುವುದಕ್ಕಿಂತ ಹೊಟ್ಟೆಯಲ್ಲಿಟ್ಟುಕೊಂಡು ಬಿಸಿಲು ಬಿದ್ದಲ್ಲಿಗೆ ಹೊತ್ತೊಯ್ಯುವುದು ಲಾಭ. ಹಾಗಾಗಿ ಈ ಎರಡು ಪ್ರಾಣಿಗಳು ಎಲ್ಲಿ ಮೊಟ್ಟೆ ಇಡುತ್ತವೆ ಎಂಬುದು ಅವುಗಳಿಗೆ ಜೀವನ್ಮರಣದ ಲೆಕ್ಕ.

ಹುಲ್ಲುಹಾವು ಕಂಡುಕೊಂಡ ಉತ್ತರ ತಿಪ್ಪೆ. ಜಗತ್ತಿನಲ್ಲಿ ಅತ್ಯಂತ ಉತ್ತರಕ್ಕೆ ಮೊಟ್ಟೆ ಇಡುವ ಹಾವು ಇದು. ಕೊಳೆಯುವ ಸಗಣಿ, ಹುಲ್ಲು ಹೊಮ್ಮಿಸುವ ಬಿಸಿ ಇಲ್ಲದಿದ್ದರೆ ಅಲ್ಲಿನ ನೆಲ ಇದರ ಮೊಟ್ಟೆಗೆ ಸಾಲದು. ಎಷ್ಟೋ ಹೆಣ್ಣುಗಳು ಒಂದೇ ತಿಪ್ಪೆಗೆ ಬಂದು ಮೊಟ್ಟೆ ಇಡುವುದುಂಟು. ಹಟ್ಟಿಯ ಪಕ್ಕ ಹಾವು ಕಂಡರೆ ಕೊಲ್ಲಬಾರದು, ಅದು ಮನೆ ಕಾಯುತ್ತದೆ ಎಂಬ ನಂಬಿಕೆ ಸ್ವೀಡನ್ನಿನ ಹಳ್ಳಿಗಳಲ್ಲಿತ್ತು. 1555ರಲ್ಲಿ ರೋಮಿನಲ್ಲಿ ಅಚ್ಚಾದ ಉತ್ತರದ ಜನಾಂಗಗಳ ಚರಿತ್ರೆಯಲ್ಲಿ ಉಲಾಸ್ ಮಾಗ್ನುಸ್ ಹಾಲುಂಡು ಮನೆಯೊಳಗೇ ಇರುವ ಹಾವುಗಳ ಸಂಗತಿ ಬರೆದಿದ್ದಾನೆ. ನಾಗರ ಪಂಚಮಿಯ ಊರಿನವರಿಗೆ ಇದು ಹೊಸದೆನಿಸದು. ಹಾವು ಹಾಲು ಕುಡಿಯುವುದಿಲ್ಲ ಎಂಬುದು ಎರಡೂ ಕಡೆಗೆ ಒಪ್ಪುವ ಮಾತು. ಅಲ್ಲಿ ಅದನ್ನು ಮನೆಯ ಬಳಿಗೆ ಎಳೆದದ್ದು ಹಾಲಲ್ಲ, ಹಟ್ಟಿಯ ಹಿಂದಿನ ಬೆಚ್ಚನೆಯ ಸಗಣಿ.

ಈ ತಿಪ್ಪೆಗಳನ್ನು ವಿಜ್ಞಾನ ಗಂಭೀರವಾಗಿ ತೆಗೆದುಕೊಂಡದ್ದು ತೀರ ಈಚೆಗೆ. ಕ್ರಿಸ್ಟಿನ್ ಲೋವನ್‌ಬೋರಿ, ಸಿಮೋನ್ ಶೆರ್ವೆಮು, ಮಟ್ಟಿಯಾಸ್ ಹಾಗ್ಮನ್ ಮೊದಲಾದವರು 2010ರಿಂದ ಪ್ರಕಟಿಸಿದ ಅಧ್ಯಯನಗಳು ಸಗಣಿಯ ತಿಪ್ಪೆಯನ್ನೂ ತೋಟದ ಕಸದ ಕಾಂಪೋಸ್ಟನ್ನೂ ಅಕ್ಕಪಕ್ಕ ಇಟ್ಟು ನೋಡಿದವು. ಸಗಣಿಯದು ಹೆಚ್ಚು ಬಿಸಿ, ಹೆಚ್ಚು ಸಮವಾದ ಬಿಸಿ, ಕಾಂಪೋಸ್ಟಿನದು ಏರಿಳಿತದ್ದು. ಸಗಣಿಯಲ್ಲಿ ಮೊಟ್ಟೆ ಬೇಗ ಒಡೆಯುತ್ತದೆ, ಚಳಿಗಾಲ ಬರುವ ಮುಂಚೆ ಮರಿಗೆ ಒಂದಿಷ್ಟು ಕಾಲ ಸಿಗುತ್ತದೆ. 2012ರಲ್ಲಿ ಹಾಗ್ಮನ್ ಮತ್ತು ಜೊತೆಗಾರರು ಇನ್ನೊಂದು ನಂಟನ್ನು ಮುಂದಿಟ್ಟರು: ದನ ಸಾಕುವ ಸಣ್ಣ ಹಿಡುವಳಿಗಳು ಮುಚ್ಚಿ, ಬಯಲ ತಿಪ್ಪೆಗಳು ಮಾಯವಾದಂತೆ ಹುಲ್ಲುಹಾವೂ ಇಳಿಮುಖವಾಗಿದೆ. ಒಂದು ಹಾಸು ಬಳಕೆಯಿಂದ ಹೋದರೆ ಒಂದು ಪ್ರಾಣಿ ಸೊರಗುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

ಮರಳೋತಿಗೆ ಸಗಣಿ ಬೇಡ, ಬಿಸಿಲು ಬೀಳುವ ಬೋಳು ಮರಳು ಬೇಕು. ಹಿಮಯುಗ ಕಳೆದ ನಂತರದ ಬೆಚ್ಚನೆಯ ಕಾಲದಲ್ಲಿ ಉತ್ತರಕ್ಕೆ ಹರಡಿ, ಮತ್ತೆ ಚಳಿ ಹೆಚ್ಚಿದಾಗ ಅಲ್ಲಲ್ಲಿ ತುಂಡುತುಂಡಾಗಿ ಉಳಿದ ಪ್ರಾಣಿ ಇದು. ವೆರ್ಮ್‌ಲಾಂಡ್ ಪ್ರಾಂತದ ಬ್ರಾಟ್‌ಫೋರ್ಸ್‌ಹೇಡನ್ ಎಂಬ ಪೈನ್ ಕಾಡಿನ ಮರಳುಬಯಲು, ಕರಗುವ ಹಿಮದ ನೀರು ತಂದು ಸುರಿದ ಮರಳಿನಿಂದ ಆದದ್ದು. ಹಿಂದೆ ಕಾಡ್ಗಿಚ್ಚು ಬಂದು ಆಗಾಗ ನೆಲವನ್ನು ಬೋಳಾಗಿಸುತ್ತಿತ್ತು. ಬೆಂಕಿಯನ್ನು ತಡೆದು ಪೈನ್ ಮರಗಳನ್ನು ಒತ್ತೊತ್ತಾಗಿ ಬೆಳೆಸಿದ ಮೇಲೆ ನೆರಳು ಕವಿಯಿತು, ಮರಳಿನ ಮೇಲೆ ಪಾಚಿ ಹತ್ತಿತು, ಓತಿಗೆ ಮೊಟ್ಟೆ ಹುದುಗಿಸಲು ಜಾಗ ಉಳಿಯಲಿಲ್ಲ. ಸ್ವೆನ್-ಓಕೆ ಬೆರಿಲಿಂಡ್ ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 2005ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಮರ ಕಡಿದು, ಮೇಲ್ಮಣ್ಣು ಕೆರೆದು, ಮರಳನ್ನು ಬಿಸಿಲಿಗೆ ಒಡ್ಡುವುದೇ ಅಲ್ಲಿ ಸಂರಕ್ಷಣೆಯ ಮುಖ್ಯ ಕೆಲಸ. ಸಂರಕ್ಷಣೆ ಎಂದರೆ ಮರ ನೆಡುವುದು ಎಂದೇ ಒಗ್ಗಿಹೋದ ಕಿವಿಗೆ ಇದು ವಿಚಿತ್ರವಾಗಿ ಕೇಳುತ್ತದೆ.

ಹಲ್ಲಿಗಳು ಸ್ವೀಡನ್ನಿಗೆ ಮೊದಲು ಬಂದದ್ದು ಸತ್ತು, ಮದ್ಯಸಾರದ ಸೀಸೆಗಳಲ್ಲಿ. 1758ರ ಹತ್ತನೆಯ ಆವೃತ್ತಿಯ ‘ಸಿಸ್ಟೆಮಾ ನಾಟುರೆ’ಯಲ್ಲಿ ಕಾರ್ಲ್ ಲಿನ್ನೇಯಸ್ ಟೊಕೆ ಹಲ್ಲಿಗೆ ಲಸೆರ್ಟ ಗೆಕೊ ಎಂಬ ಹೆಸರು ಕೊಟ್ಟ, ಮರಳೋತಿಗೂ ಹುಲ್ಲುಹಾವಿಗೂ ಶಾಸ್ತ್ರೀಯ ಹೆಸರು ಸಿಕ್ಕಿದ್ದು ಅದೇ ಪುಸ್ತಕದಲ್ಲಿ. ಈ ಇಡೀ ವರ್ಗದ ಪ್ರಾಣಿಗಳ ಬಗ್ಗೆ ಅವನಿಗೆ ಹೇಸಿಗೆಯಿತ್ತು, ಅದನ್ನವನು ಮುಚ್ಚಿಡಲೂ ಇಲ್ಲ. ಅವನ ಶಿಷ್ಯ ಫ್ರೆಡ್ರಿಕ್ ಹಾಸೆಲ್‌ಕ್ವಿಸ್ಟ್ ಜೀವಂತ ಹಲ್ಲಿಗಳನ್ನು ಕೈರೋದಲ್ಲಿ ಕಂಡ. ಹಲ್ಲಿ ಹರಿದಾಡಿದ ಚೀಸ್ ತಿಂದು ಇಬ್ಬರು ಹೆಂಗಸರೂ ಒಬ್ಬ ಹುಡುಗಿಯೂ ಸಾಯುವಂತಾಗಿದ್ದರು, ಹಲ್ಲಿಯ ಬೆರಳುಗಳಿಂದ ವಿಷ ಒಸರುತ್ತದೆ ಎಂದು ಬರೆದ. ಹಲ್ಲಿ ಬಿದ್ದ ಅಡುಗೆಯನ್ನು ಚೆಲ್ಲುವ ನಮ್ಮ ಮನೆಗಳಿಗೆ ಈ ಭಯ ಚೆನ್ನಾಗಿ ಗೊತ್ತು. ಹಲ್ಲಿಗೆ ವಿಷವಿಲ್ಲ ಎಂಬುದಷ್ಟೇ ಸತ್ಯ. ಹಾಸೆಲ್‌ಕ್ವಿಸ್ಟ್ 1752ರಲ್ಲಿ ಸ್ಮಿರ್ನಾ ಬಳಿ, ಮೂವತ್ತು ತುಂಬಿದ ಹೊತ್ತಿಗೆ ತೀರಿಕೊಂಡ. ಸಾಲಗಾರರು ಹಿಡಿದಿಟ್ಟ ಅವನ ಸಂಗ್ರಹವನ್ನು ರಾಣಿ ಲುವಿಸಾ ಉಲ್ರಿಕಾ ಹಣ ತೆತ್ತು ಬಿಡಿಸಿಕೊಂಡಳು, ಅವನ ಟಿಪ್ಪಣಿಗಳನ್ನು ಲಿನ್ನೇಯಸ್ 1757ರಲ್ಲಿ ಪ್ರಕಟಿಸಿದ. ಈಜಿಪ್ಟ್, ಪ್ಯಾಲೆಸ್ಟೀನ್ ಕಡೆಯ ಒಂದು ಹಲ್ಲಿ ಇಂದಿಗೂ ಹಾಸೆಲ್‌ಕ್ವಿಸ್ಟನ ಹೆಸರು ಹೊತ್ತಿದೆ.

ಹಾಸಿನ ಆಯ್ಕೆಯನ್ನು ತೀರ್ಮಾನಿಸುವ ಸಂಗತಿ ಮೊಟ್ಟೆಯ ಚಿಪ್ಪು. ನಮ್ಮ ಗೋಡೆ ಹಲ್ಲಿ, ಟೊಕೆ, ಮಡಗಾಸ್ಕರಿನ ಹಗಲು ಹಲ್ಲಿ ಇವುಗಳ ಮೊಟ್ಟೆ ಇಡುವಾಗ ಮೆತ್ತಗೆ, ಗಾಳಿ ತಾಗಿದ ಕೂಡಲೇ ಸುಣ್ಣದಂತೆ ಗಟ್ಟಿ. ಒಳಗಿನ ನೀರು ಹೊರಹೋಗುವುದು ಬಹಳ ಕಮ್ಮಿ, ಹೊರಗಿನ ನೀರು ಬೇಕಾಗಿಯೂ ಇಲ್ಲ. ಗೋಡೆಗೆ ತೂಗುಹಾಕಿದ ದೇವರ ಪಟದ ಹಿಂದೆ, ಟ್ಯೂಬ್‌ಲೈಟಿನ ಪಟ್ಟಿಯೊಳಗೆ, ಒಂದು ಹನಿ ತೇವವಿಲ್ಲದಲ್ಲಿ ಅವು ಮರಿಯಾಗುವುದು ಇದೇ ಕಾರಣಕ್ಕೆ. ಚಿರತೆ ಹಲ್ಲಿ, ಕ್ರೆಸ್ಟೆಡ್ ಗೆಕೊ ಮುಂತಾದವುಗಳ ಮೊಟ್ಟೆ ಹಾಗಲ್ಲ. ಚಿಪ್ಪು ತೊಗಲಿನಂತೆ ಮೆತ್ತಗೆ. ಸುತ್ತಲಿನ ಹಾಸಿನಿಂದ ನೀರು ಹೀರಿಕೊಂಡು ಮೊಟ್ಟೆ ದಪ್ಪವಾಗುತ್ತ ಹೋಗಬೇಕು. ಹಾಸು ಒಣಗಿದರೆ ಮೊಟ್ಟೆ ಕುಸಿಯುತ್ತದೆ, ನೀರು ಹೆಚ್ಚಾದರೆ ಉಸಿರುಕಟ್ಟಿ ಬೂಷ್ಟು ಹಿಡಿಯುತ್ತದೆ. ಹಾಸಿನ ಕುರಿತು ಸಾಕಣೆಗಾರರು ಆಡುವ ಬಹುಪಾಲು ಜಗಳಗಳು ಈ ಎರಡನೆಯ ಗುಂಪಿಗಷ್ಟೇ ಸಂಬಂಧಿಸಿದವು.

ಸ್ವೀಡನ್ನಿನಲ್ಲಿ ಕೈಗೆ ಸುಲಭವಾಗಿ ಸಿಗುವ ತೇವದ ಹಾಸೆಂದರೆ ಜೌಗು ನೆಲದ ಬಿಳಿ ಪಾಚಿ ಮತ್ತು ಅದು ಕೊಳೆತು ಆಗುವ ಪೀಟ್. ಈ ಪಾಚಿ ತನ್ನ ಒಣತೂಕದ 15–20 ಪಟ್ಟು ನೀರು ಹಿಡಿಯಬಲ್ಲದು. ಸುತ್ತಲನ್ನು ಹುಳಿಯಾಗಿಸಿ ಬ್ಯಾಕ್ಟೀರಿಯಾ ಬೆಳೆಯದಂತೆ ನೋಡಿಕೊಳ್ಳುತ್ತದೆ. ಉತ್ತರದ ಸಾಮಿ ತಾಯಂದಿರು ಒಣಗಿಸಿದ ಪಾಚಿಯನ್ನು ತೊಟ್ಟಿಲ ಕೂಸಿಗೆ ಹಾಸುತ್ತಿದ್ದುದನ್ನು 1732ರ ಲಾಪ್‌ಲ್ಯಾಂಡ್ ಪ್ರವಾಸದಲ್ಲಿ ಲಿನ್ನೇಯಸ್ ಗಮನಿಸಿದ್ದ. ಹಲ್ಲಿ ಮೊಟ್ಟೆಗೂ ಅದೇ ಗುಣ ಉಪಯೋಗಕ್ಕೆ ಬಂತು, ಆದರೆ ಒಂದು ತೊಡಕಿನೊಡನೆ: ಪಾಚಿಯಲ್ಲಿ ಎಷ್ಟು ನೀರಿದೆ ಎಂದು ಅಳೆಯುವುದು ಕೈಯ ಅಂದಾಜಿಗೆ ಬಿಟ್ಟದ್ದು. ಹಿಂಡಿದರೆ ಹನಿಯಬಾರದು, ಮುಟ್ಟಿದರೆ ಒಣ ಅನಿಸಬಾರದು. ಒಬ್ಬರ ಕೈಯ ಹದ ಇನ್ನೊಬ್ಬರಿಗೆ ಬರುವುದಿಲ್ಲ.

ಅಳತೆಯ ತೊಡಕನ್ನು ಬಗೆಹರಿಸಿದ್ದು ವರ್ಮಿಕ್ಯುಲೈಟ್. 1824ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಥಾಮಸ್ ವೆಬ್ ವಿವರಿಸಿದ ಈ ಖನಿಜವನ್ನು ಕಾಯಿಸಿದರೆ ಪದರಗಳ ನಡುವಿನ ನೀರು ಆವಿಯಾಗಿ, ಹರಳು ಹುರಿದ ಅರಳಿನಂತೆ ಉಬ್ಬುತ್ತದೆ. ಹಗುರ, ಕೊಳೆಯುವುದಿಲ್ಲ, ನೀರನ್ನು ತೂಕ ಮಾಡಿ ಬೆರೆಸಬಹುದು. 1980ರ ದಶಕದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಗ್ಯಾರಿ ಮತ್ತು ಮೇರಿ ಪ್ಯಾಕರ್ಡ್ ಆಮೆಯ ಮೊಟ್ಟೆಗಳನ್ನು ಇದರಲ್ಲಿಟ್ಟು ಪ್ರಯೋಗ ನಡೆಸಿ ಒಂದು ಮುಖ್ಯ ಸಂಗತಿಯನ್ನು ನೆಲೆಗೊಳಿಸಿದರು. ಹಾಸಿನಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ ಹಾಸು ಆ ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು ಮೊಟ್ಟೆಗೆ ಮುಖ್ಯ. ಅದನ್ನು ಕಿಲೊಪಾಸ್ಕಲ್ ಲೆಕ್ಕದಲ್ಲಿ ಅಳೆಯಬೇಕು. ಒಂದೇ ತೂಕದ ನೀರು ಹಾಕಿದ ಮರಳೂ ಪೀಟೂ ಮೊಟ್ಟೆಯ ಪಾಲಿಗೆ ಒಂದೇ ಅಲ್ಲ. ಮರಳು ನೀರನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಪೀಟ್ ಜಿಪುಣತನ ತೋರುತ್ತದೆ. ಹಾಸಿನಷ್ಟೇ ತೂಕದ ನೀರು, ಅಂದರೆ ‘ಒಂದಕ್ಕೊಂದು’ ಎಂಬ ಪ್ರಮಾಣವನ್ನು ಯಾವ ಹಾಸಿಗೂ ಹೊಂದಿಸುವ ಸಲಹೆಗಳು ದಾರಿ ತಪ್ಪುವುದು ಇಲ್ಲೇ.

ಸ್ವೀಡನ್ನಿನಲ್ಲಿ ವರ್ಮಿಕ್ಯುಲೈಟಿನ ದೊಡ್ಡ ಕೆಲಸ ಹಲ್ಲಿಯ ಮೇಲಲ್ಲ, ಮರಳೋತಿಯ ಮೇಲೆ ನಡೆಯಿತು. ಗೋಥೆನ್‌ಬರ್ಗಿನಿಂದ ದಕ್ಷಿಣಕ್ಕೆ ಪಶ್ಚಿಮ ಕರಾವಳಿಯ ಆಸ್ಕೆತುನ್ನನ್ ಎಂಬ ಬಂಡೆಗಳ ಚಾಚಿನಲ್ಲಿ ಮಾಟ್ಸ್ ಉಲ್ಸನ್ 1980ರ ದಶಕದಿಂದ ಮರಳೋತಿಗಳನ್ನು ಗುರುತುಹಾಕಿ ಹಿಂಬಾಲಿಸಿದರು. ಗರ್ಭಿಣಿ ಓತಿಗಳನ್ನು ಪ್ರಯೋಗಾಲಯಕ್ಕೆ ತಂದು, ಮೊಟ್ಟೆಗಳನ್ನು ತೇವದ ವರ್ಮಿಕ್ಯುಲೈಟಿನಲ್ಲಿ 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿಟ್ಟು, ಮರಿಗಳನ್ನು ಮತ್ತೆ ಹುಟ್ಟೂರಿಗೆ ಬಿಡುವುದು ಕ್ರಮ. ಅಂಗವಿಕಾರ ಅತಿ ಕಡಿಮೆ ಆಗುವ ಬಿಸಿ ಎಂಬ ಕಾರಣಕ್ಕೆ 25ನ್ನು ಆರಿಸಿಕೊಂಡದ್ದು. ಈ ಎಚ್ಚರಿಕೆಗೆ ಅರ್ಥವಿತ್ತು. ಚಿಕ್ಕ ಗುಂಪಾದ್ದರಿಂದ ಅಲ್ಲಿ ರಕ್ತಸಂಬಂಧಿಗಳ ಕೂಡಿಕೆ ಸಾಮಾನ್ಯ. ಕೆಲವು ಮರಿಗಳು ವಿಕಾರಗೊಂಡು ಹುಟ್ಟುತ್ತಿದ್ದವು. ವಿಕಾರ ಬಂದದ್ದು ಒಳಸಂಬಂಧದಿಂದಲೇ, ಕಾವಿನ ಏರುಪೇರಿನಿಂದ ಅಲ್ಲ ಎಂದು ಹೇಳಬೇಕಾದರೆ ಎಲ್ಲ ಮೊಟ್ಟೆಗಳಿಗೂ ಒಂದೇ ಹಾಸು, ಒಂದೇ ತೇವ, ಒಂದೇ ಬಿಸಿ ಇರಬೇಕು. ಅನ್ನಿಕಾ ಗುಲ್‌ಬೆರಿ, ಹೋಕನ್ ತೇಗೆಲ್‌ಸ್ಟ್ರೋಮ್ ಅವರೊಡನೆ ಉಲ್ಸನ್ 1996ರಲ್ಲಿ ಒಡಹುಟ್ಟಿದವರ ಕೂಡಿಕೆ ಮತ್ತು ವಿಕಾರದ ನಂಟನ್ನು ಪ್ರಕಟಿಸಿದಾಗ ಆ ವಾದಕ್ಕೆ ಆಸರೆಯಾದವುಗಳಲ್ಲಿ ಡಬ್ಬಿಯ ತಳದ ಈ ಹೊಳೆಯುವ ಪುಡಿಯೂ ಒಂದು.

ವರ್ಮಿಕ್ಯುಲೈಟಿಗೆ ಕೆಟ್ಟ ಹೆಸರು ಬಂದ ಕಥೆ ಬೇರೆ. ಅಮೆರಿಕದ ಮೊಂಟಾನದ ಲಿಬ್ಬಿ ಗಣಿಯ ಅದಿರಿನಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು. ಆ ಗಣಿ 1990ರಲ್ಲಿ ಮುಚ್ಚಿತು. ಈಗ ಮಾರುವ ಸರಕು ಬೇರೆ ಗಣಿಗಳದು. ಆದರೂ ಒಣ ಪುಡಿಯನ್ನು ಉಸಿರಾಡದೆ, ಮೊದಲು ನೀರು ಚಿಮುಕಿಸಿ ಬೆರೆಸುವುದು ಒಳ್ಳೆಯದು.

ಸಾಕುವ ಹಲ್ಲಿಗಳ ಕಡೆಗೆ ಬಂದರೆ, ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಚಿರತೆ ಹಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಮನೆಮಾತು. ಅದಕ್ಕೆ ಎಡ್ವರ್ಡ್ ಬ್ಲೈತ್ 1854ರಲ್ಲಿ ಹೆಸರಿಟ್ಟ. ಇದರ ಮರಿ ಹೆಣ್ಣೋ ಗಂಡೋ ಎಂಬುದನ್ನು ಕಾವಿನ ಬಿಸಿ ತೀರ್ಮಾನಿಸುತ್ತದೆ: 26 ಡಿಗ್ರಿಯಲ್ಲಿ ಬಹುತೇಕ ಹೆಣ್ಣು, 32–33ರ ಸುತ್ತ ಹೆಚ್ಚಾಗಿ ಗಂಡು, 34 ದಾಟಿದರೆ ಮತ್ತೆ ಹೆಣ್ಣು. 1988ರಲ್ಲಿ ವಿಲಿಯಂ ಗಟ್ಸ್ಕೆ ಮತ್ತು ಡೇವಿಡ್ ಕ್ರೂಸ್ ತೋರಿಸಿದಂತೆ ಬಿಸಿಯ ಪ್ರಭಾವ ಬೆಳೆದ ಹಲ್ಲಿಯ ನಡವಳಿಕೆಯಲ್ಲೂ ಉಳಿಯುತ್ತದೆ. ಅರ್ಧ ಡಿಗ್ರಿಗೂ ಬೆಲೆ ಬಂದ ಮೇಲೆ ಬಿಸಿಯನ್ನು ಹಾಸಿನ ಪಾಲಿಗೆ ಬಿಡುವ ಮಾತೇ ಇಲ್ಲ. ಥರ್ಮೋಸ್ಟಾಟ್ ಇರುವ ಪೆಟ್ಟಿಗೆ ಬೇಕೇ ಬೇಕು. ಸ್ವೀಡಿಷ್ ಹರ್ಪೆಟಾಲಜಿ ಒಕ್ಕೂಟದ ಪತ್ರಿಕೆಗೆ ‘ಸ್ನೂಕೆನ್’ ಎಂದು ತಿಪ್ಪೆಯ ಹುಲ್ಲುಹಾವಿನದೇ ಹೆಸರು, ಆದರೆ ಒಕ್ಕೂಟದ ಹವ್ಯಾಸಿಗಳ ಆಸಕ್ತಿ ದೂರದ ನಾಡುಗಳ ಪ್ರಾಣಿಗಳವರೆಗೂ ಚಾಚಿದೆ. ಸ್ಥಳೀಯ ಪ್ರಭೇದಗಳೆಲ್ಲ ಕಾನೂನಿನ ರಕ್ಷಣೆಯಲ್ಲಿರುವುದರಿಂದ ಮನೆಯಲ್ಲಿ ಸಾಕಲು ಉಳಿದದ್ದು ಹೊರನಾಡಿನವೇ.

ಚಳಿಗಾಲದಲ್ಲಿ ಹೀಟರ್ ಉರಿಯುವ ಸ್ವೀಡಿಷ್ ಮನೆಯ ಗಾಳಿ ಬಲು ಒಣ. ಮುಚ್ಚಳ ಭದ್ರವಿಲ್ಲದ ಡಬ್ಬಿ ಕೆಲವೇ ದಿನಗಳಲ್ಲಿ ಒಣಗಿಹೋಗುತ್ತದೆ. ಆದ್ದರಿಂದ ಊಟದ ಪ್ಲಾಸ್ಟಿಕ್ ಡಬ್ಬಿಗೆ ಸಣ್ಣ ತೂತು ಕೊರೆದು, ತುಂಬಿದ ದಿನ ತೂಗಿ, ಕಮ್ಮಿಯಾದಷ್ಟೇ ನೀರು ಸೇರಿಸುವುದು ಜಾಣ ರೂಢಿ. ನೀರನ್ನು ಹಾಸಿಗೆ ಹಾಕಬೇಕು, ಮೊಟ್ಟೆಗೆ ತಾಗಿಸಬಾರದು. ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುವುದರಿಂದ ಮೊಟ್ಟೆಯನ್ನು ಮಗುಚಬಾರದು. ಪೆನ್ಸಿಲಿನಿಂದ ಮೇಲೆ ಗುರುತು ಹಾಕಿಡುತ್ತಾರೆ. ಪರ್ಲೈಟ್ ಬೆಳ್ಳಗಿರುವುದರಿಂದ ತೇವ ಕಣ್ಣಿಗೆ ಕಾಣುವುದಿಲ್ಲ, ಗಾಳಿಯಾಡುವುದು ಮಾತ್ರ ಚೆನ್ನ. ಹೂಕುಂಡಕ್ಕೆ ಹಾಕುವ ಜರ್ಮನಿಯ ಜೇಡಿಗುಂಡು ಸೆರಾಮಿಸ್ ಒಣಗಿದಂತೆ ಬಣ್ಣ ತಿಳಿಯಾಗುತ್ತದೆ, ಆ ಒಂದು ಗುಣಕ್ಕಾಗಿಯೇ ಹೊಸಬರಿಗೆ ಅದು ಉತ್ತಮ ಆಯ್ಕೆ. ನಮ್ಮ ಕಡೆಯ ತೆಂಗಿನ ನಾರಿನ ಪುಡಿ ಟೆರೇರಿಯಂಗೆ ಹಾಸಲು ಚೆನ್ನಾಗಿದ್ದರೂ ಕಾವಿನ ಡಬ್ಬಿಯಲ್ಲಿ ಬೂಷ್ಟು ಹಿಡಿಯುವುದು ಸಲೀಸು.

ಈಚಿನ ಮಾರ್ಗ ಹಾಸನ್ನೇ ಮೊಟ್ಟೆಯಿಂದ ದೂರ ಮಾಡಿದೆ. ಡಬ್ಬಿಯ ತಳದಲ್ಲಿ ನೀರು ಅಥವಾ ಒದ್ದೆ ಪರ್ಲೈಟ್, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಮೊಟ್ಟೆ. ನೀರು ಬರುವುದು ಆವಿಯಾಗಿ ಮಾತ್ರ. ಇದಕ್ಕೆ ಮಾಪನಗಳಿಗಿಂತ ಶಿಸ್ತು ಹೆಚ್ಚು ಬೇಕು: ಬಿಸಿ ಏರಿಳಿದರೆ ಮುಚ್ಚಳಕ್ಕೆ ಕಟ್ಟಿದ ಹನಿ ಮೊಟ್ಟೆಯ ಮೇಲೆ ತೊಟ್ಟಿಕ್ಕುತ್ತದೆ. ನ್ಯೂ ಕ್ಯಾಲಿಡೋನಿಯಾದ ಕ್ರೆಸ್ಟೆಡ್ ಗೆಕೊ, ಅಳಿದೇ ಹೋಗಿದೆ ಎಂದುಕೊಂಡಿದ್ದು 1994ರಲ್ಲಿ ಮತ್ತೆ ಸಿಕ್ಕಿದ ಹಲ್ಲಿ, ಈ ಲೆಕ್ಕಾಚಾರದ ಅರ್ಧವನ್ನು ಬೇಡವೆನ್ನುತ್ತದೆ. ಅದರ ಮೊಟ್ಟೆಗೆ 22ರಿಂದ 26 ಡಿಗ್ರಿ ಸಾಕು. ಸ್ವೀಡನ್ನಿನ ಬೆಚ್ಚನೆಯ ಕೋಣೆಯ ಕಪಾಟಿನಲ್ಲಿ, ಯಾವ ಯಂತ್ರವೂ ಇಲ್ಲದೆ, ತೇವದ ವರ್ಮಿಕ್ಯುಲೈಟ್ ತುಂಬಿದ ಡಬ್ಬಿಯಲ್ಲಿ ಎರಡು ಮೂರು ತಿಂಗಳಿಗೆ ಮರಿ ಹೊರಬರುತ್ತದೆ.