ರುಖ್ಸತ್‌ನ ಎರಡು ಅರ್ಥಗಳು
ಹತ್ತನೆಯ ತರಗತಿಯ ಬೀಳ್ಕೊಡುಗೆ: ಒಂದು ಚಾರಿತ್ರಿಕ ನೋಟ

ಕರ್ನಾಟಕದ ಹೈಸ್ಕೂಲುಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ ಇಲ್ಲವೇ ಮಾರ್ಚ್ ತಿಂಗಳಲ್ಲಿ, ಒಂದು ಪುಟ್ಟ ಸಮಾರಂಭ ನಡೆಯುತ್ತದೆ. ಕನ್ನಡ ಶಾಲೆಯಲ್ಲಿ ಅದು ಬೀಳ್ಕೊಡುಗೆ, ಉರ್ದು ಶಾಲೆಯಲ್ಲಿ ಅಲ್ವಿದಾಯಿ ಜಲ್ಸಾ, ಇಂಗ್ಲಿಷ್ ಶಾಲೆಯಲ್ಲಿ ಸೆಂಡಾಫ್. ಹೆಸರು ಯಾವುದಾದರೂ ಕ್ರಮ ಹೆಚ್ಚುಕಡಿಮೆ ಒಂದೇ. ಒಂಬತ್ತನೆಯ ತರಗತಿಯವರು ಸ್ವಾಗತ ಕೋರುತ್ತಾರೆ, ಹತ್ತನೆಯವರು ನೆನಪುಗಳನ್ನು ಹೇಳಿಕೊಳ್ಳುತ್ತಾರೆ, ಮೇಷ್ಟ್ರುಗಳು ಹಿತವಚನ ಹೇಳುತ್ತಾರೆ. ಕಡೆಗೆ ತಿಂಡಿ ಹಂಚಿ, ಶಾಲೆಯ ಮುಂದೆ ಬೆಂಚು ಹಾಕಿಸಿ ಒಂದು ಗ್ರೂಪ್ ಫೋಟೋ ತೆಗೆಸುತ್ತಾರೆ. ಇಷ್ಟು ಸಾಮಾನ್ಯವಾದ ಈ ಆಚರಣೆಗೂ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಫೋಟೋದೊಳಗೆ ನಿಂತವರ ಜೊತೆಗೆ, ಫೋಟೋದ ದಿನದವರೆಗೆ ಬಂದು ತಲುಪದವರೂ ಇದ್ದಾರೆ.

ಗುರುವಿನಿಂದ ಶಿಷ್ಯ ಬೀಳ್ಕೊಳ್ಳುವುದು ನಮ್ಮ ನೆಲದಲ್ಲಿ ಹೊಸದಲ್ಲ. ಅಧ್ಯಯನ ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವ ಉಪದೇಶ ತೈತ್ತಿರೀಯ ಉಪನಿಷತ್ತಿನಲ್ಲಿದೆ. ಇಸ್ಲಾಮೀ ವಿದ್ಯಾಪರಂಪರೆಯಲ್ಲಿ ಒಂದು ಗ್ರಂಥವನ್ನು ಓದಿ ಮುಗಿಸಿದವನಿಗೆ, ಇನ್ನು ನೀನು ಇದನ್ನು ಬೇರೆಯವರಿಗೆ ಕಲಿಸಬಹುದೆಂದು ಉಸ್ತಾದರು ಇಜಾಜತ್ ಕೊಡುತ್ತಿದ್ದರು. ಮದ್ರಸಾಗಳಲ್ಲಿ ಇಂದಿಗೂ ಓದು ಮುಗಿಸಿದವರಿಗೆ ಪೇಟ ಸುತ್ತುವ ದಸ್ತಾರ್‌ಬಂದಿ ನಡೆಯುತ್ತದೆ. ಆದರೆ ಹಳೆಯ ಕೂಲಿಮಠ, ಮಕ್ತಬ್‌ಗಳಲ್ಲಿ ಮಕ್ಕಳು ಬೇರೆ ಬೇರೆ ಹೊತ್ತಿಗೆ ಸೇರುತ್ತಿದ್ದರು, ಬೇರೆ ಬೇರೆ ಹೊತ್ತಿಗೆ ಬಿಡುತ್ತಿದ್ದರು. ಒಬ್ಬ ಹುಡುಗ ಗುರುವಿಗೆ ಕಾಣಿಕೆ ಕೊಟ್ಟು ಹೊರಡುವಾಗ ಅವನ ಪಕ್ಕದಲ್ಲಿ ಕೂತವನು ಇನ್ನೂ ಅಕ್ಷರ ತಿದ್ದುತ್ತಿರುತ್ತಿದ್ದ. ಹೀಗಾಗಿ ಅಲ್ಲಿ ಬೀಳ್ಕೊಡುಗೆ ಒಬ್ಬೊಬ್ಬರದಾಗಿತ್ತು.

ಒಂದೇ ವಯಸ್ಸಿನ ನಲವತ್ತು ಐವತ್ತು ಮಕ್ಕಳು ಒಂದೇ ದಿನ ಶಾಲೆ ಬಿಡಬೇಕಾದರೆ ಎಲ್ಲರಿಗೂ ಸೇರಿದ ಒಂದು ಪರೀಕ್ಷೆ ಬೇಕು. ಅದನ್ನು ತಂದದ್ದು ಬ್ರಿಟಿಷರ ಕಾಲದ ವಿಶ್ವವಿದ್ಯಾಲಯಗಳು. 1857ರಲ್ಲಿ ಮದರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳ ಪ್ರವೇಶ ಪರೀಕ್ಷೆಯೇ ಮೆಟ್ರಿಕ್ಯುಲೇಷನ್. ಮೈಸೂರು, ಮಂಗಳೂರುಗಳ ಹುಡುಗರು ಮದರಾಸಿನ ಕಡೆ ನೋಡಬೇಕಾಗಿತ್ತು. ಧಾರವಾಡ, ಬೆಳಗಾವಿಗಳ ಹುಡುಗರು ಮುಂಬಯಿಯ ಕಡೆ. ಮೈಸೂರು ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಏಕೀಕರಣವಾಗಿ ಹತ್ತು ವರ್ಷಗಳ ಮೇಲೆ, 1966ರಲ್ಲಿ, ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಅಸ್ತಿತ್ವಕ್ಕೆ ಬಂತು. ಹೀಗೆ ಎಸ್ಸೆಸ್ಸೆಲ್ಸಿ ಎಂಬುದು ಇಡೀ ರಾಜ್ಯದ ಮಕ್ಕಳು ಒಟ್ಟಿಗೆ ದಾಟುವ ಹೊಸ್ತಿಲಾಯಿತು. ಬೀಳ್ಕೊಡುಗೆ ಆ ಹೊಸ್ತಿಲಿಗೆ ಕಟ್ಟಿದ ತೋರಣ.

ಹೊಸ್ತಿಲು ದಾಟಿದವರಿಗೆ ಸಿಗುತ್ತಿದ್ದದ್ದೂ ಕಡಿಮೆಯಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಓದಿನ ದಾಖಲೆ ಮಾತ್ರವಲ್ಲ, ಹುಟ್ಟಿದ ದಿನಾಂಕದ ದಾಖಲೆಯೂ ಹೌದು. ಹೊರದೇಶಕ್ಕೆ ದುಡಿಯಲು ಹೋಗುವವನ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯಿಂದ ವಿನಾಯಿತಿ ಸಿಗುವುದು ಹತ್ತನೆಯ ತರಗತಿ ಪಾಸಾದ ಆಧಾರದಿಂದಲೂ. ಮಂಗಳೂರು, ಭಟ್ಕಳದ ಮನೆಗಳಲ್ಲಿ ಈ ಒಂದು ಹಾಳೆಯ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೀಳ್ಕೊಡುಗೆಯ ಜೊತೆಗೆ ಬಂದ ಇನ್ನೊಂದು ವಸ್ತು ಆಟೋಗ್ರಾಫ್ ಪುಸ್ತಕ. ಇದರ ಪೂರ್ವಜರು ದೂರದಲ್ಲಿದ್ದಾರೆ. 16ನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನ ವಿದ್ಯಾರ್ಥಿಗಳು ಊರು ಬಿಡುವ ಮುನ್ನ ತಮ್ಮ ಗುರುಗಳಿಂದ, ಗೆಳೆಯರಿಂದ ಪುಟ್ಟ ಪುಸ್ತಕಗಳಲ್ಲಿ ಬರೆಸಿಕೊಳ್ಳುತ್ತಿದ್ದರು. ನಾವು 1990ರ ದಶಕದಲ್ಲಿ ಹೈಸ್ಕೂಲು ಮುಗಿಸಿದಾಗ ನಮ್ಮ ಕೈಯಲ್ಲಿದ್ದದ್ದು ಗುಲಾಬಿ, ಹಳದಿ, ನೀಲಿ ಹಾಳೆಗಳ ಪುಸ್ತಕ. ಅದರಲ್ಲಿ ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ ಓಡುತ್ತಿತ್ತು. ಉರ್ದುವಿನಲ್ಲಿ ಬರೆಯುವವರು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಿದ್ದರು, ಕನ್ನಡದಲ್ಲಿ ಬರೆಯುವವರು ಮುಂದಿನಿಂದ. ಎರಡೂ ಭಾಷೆಗಳು ನಡುವಿನ ಹಾಳೆಯಲ್ಲಿ ಭೇಟಿಯಾಗುತ್ತಿದ್ದವು. ಇದರಲ್ಲಿ ವಿಶೇಷವಿದೆಯೆಂದು ಆಗ ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಒಟ್ಟಿಗೆ ಓದಿದವರ ನಂಟು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಓದಿಗಾಗಿ ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿಯ ಕೈಕೆಳಗೆ ನಡೆದ ಪುಟ್ಟ ತರಗತಿಯಲ್ಲಿ ಮಿರ್ಜಾ ಇಸ್ಮಾಯಿಲ್ ಎಂಬ ಹುಡುಗನೂ ಇದ್ದ. ಸಹಪಾಠಿಗಳಲ್ಲಿ ಒಬ್ಬರು ದೊರೆಯಾದರು; ಇನ್ನೊಬ್ಬರು 1926ರಿಂದ 1941ರವರೆಗೆ ಅದೇ ಮೈಸೂರಿನ ದಿವಾನರಾಗಿದ್ದರು. 1940ರಲ್ಲಿ ಮಹಾರಾಜರು ತೀರಿಕೊಳ್ಳುವತನಕ ಆ ಗೆಳೆತನ ಉಳಿಯಿತು. ಒಂದೇ ಬೆಂಚಿನಲ್ಲಿ ಕೂತು ಕಲಿತವರ ನಡುವೆ ಹುಟ್ಟುವ ವಿಶ್ವಾಸವನ್ನು ಮುಂದೆ ಯಾವ ಭಾಷಣದಿಂದಲೂ ಹುಟ್ಟಿಸಲಾಗದು.

ಆದರೆ ಅರಮನೆಯ ತರಗತಿ ಎಲ್ಲರದಾಗಿರಲಿಲ್ಲ. ಊರೂರಿನ ಮಕ್ಕಳನ್ನು ಹೊಸ್ತಿಲವರೆಗೆ ತರುವ ಕೆಲಸವನ್ನು ಹಲವರು ಸೇರಿ ಮಾಡಬೇಕಾಯಿತು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ, ಮಂಗಳೂರಿನಲ್ಲಿ 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು, ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್, ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರ ಅಲ್ ಅಮೀನ್ ಹೀಗೆ ಸಾಲುಸಾಲಾಗಿ ಸಂಸ್ಥೆಗಳು ಬಂದವು.

ಇಷ್ಟಾದರೂ ತಲುಪಿದವರೆಷ್ಟು ಮಂದಿ? 2006ರ ನವೆಂಬರಿನಲ್ಲಿ ಪ್ರಧಾನಿಗೆ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಇದಕ್ಕೆ ಉತ್ತರ ಕೊಟ್ಟಿತು. 2001ರ ಜನಗಣತಿಯ ಪ್ರಕಾರ ದೇಶದಲ್ಲಿ 17 ವರ್ಷ ದಾಟಿದವರ ಪೈಕಿ ಮೆಟ್ರಿಕ್ ಮುಗಿಸಿದವರು ಶೇ. 26 ಮಂದಿ, ಮುಸ್ಲಿಮರಲ್ಲಿ ಅದು ಶೇ. 17 ಮಾತ್ರ. 6ರಿಂದ 14ರ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮುಖವನ್ನೇ ನೋಡಿರಲಿಲ್ಲ, ಇಲ್ಲವೇ ನಡುವೆಯೇ ಬಿಟ್ಟಿದ್ದರು. ಈ ಅಂಕಿಗಳನ್ನು ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಬೀಳ್ಕೊಡುಗೆಯ ದಿನ ವೇದಿಕೆಯ ಮುಂದೆ ಖಾಲಿ ಕುರ್ಚಿಗಳ ಸಾಲು ಬಹಳ ಉದ್ದವಾಗಿತ್ತು. ಗ್ಯಾರೇಜು, ಬೀಡಿ, ಅಗರಬತ್ತಿ, ಮೀನಿನ ದಕ್ಕೆ, ಇವು ಆ ಮಕ್ಕಳನ್ನು ಯಾವ ಸಮಾರಂಭವೂ ಇಲ್ಲದೆ ಕರೆದುಕೊಂಡಿದ್ದವು.

ಹುಡುಗಿಯರ ಪಾಲಿಗೆ ಇನ್ನೊಂದು ಕತೆಯಿದೆ. ಉರ್ದುವಿನಲ್ಲಿ 'ರುಖ್ಸತ್' ಎಂದರೆ ಬೀಳ್ಕೊಳ್ಳುವುದು. ಶಾಲೆ ಬಿಡುವವರೂ ರುಖ್ಸತ್ ಪಡೆಯುತ್ತಾರೆ. ಅದೇ ಮಾತಿನಿಂದ ಬಂದ 'ರುಖ್ಸತಿ' ಎಂದರೆ ಮದುಮಗಳನ್ನು ತವರಿನಿಂದ ಕಳಿಸಿಕೊಡುವುದು. ನಮ್ಮ ಅಮ್ಮಂದಿರ, ಅಕ್ಕಂದಿರ ಕಾಲದಲ್ಲಿ ಈ ಎರಡಕ್ಕೂ ನಡುವೆ ಹೆಚ್ಚು ಅಂತರವಿರಲಿಲ್ಲ. ಹಲವರಿಗೆ ಎರಡನೆಯದು ಮೊದಲೇ ಬಂದು, ಮೊದಲನೆಯದು ಬರಲೇ ಇಲ್ಲ.

1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲುವರೆಗೆ ಓದಿದರು. ಅಲ್ಲಿನ ಮುಸ್ಲಿಂ ಹುಡುಗಿಯರಲ್ಲಿ ಅಷ್ಟು ಓದಿದ ಮೊದಲಿಗರಲ್ಲಿ ಅವರೊಬ್ಬರು. ಮುಂದೆ ಓದುವ ಆಸೆಯಿತ್ತು, ಮದುವೆಯಾಯಿತು. ಗ್ರಂಥಾಲಯದ ಸದಸ್ಯತ್ವ ಪಡೆಯಲೂ ಅವರು 1963ರವರೆಗೆ ಕಾಯಬೇಕಾಯಿತು. ಆಮೇಲೆ 'ಚಂದ್ರಗಿರಿಯ ತೀರದಲ್ಲಿ' ಬಂತು. ಕನ್ನಡ ಓದುಗರು ನಾದಿರಾಳ ಮನೆಯೊಳಗನ್ನು ಕಂಡರು. ಬಾನು ಮುಷ್ತಾಕ್ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಎಂಟನೆಯ ವಯಸ್ಸಿನಲ್ಲಿ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತು. ಆ ಹುಡುಗಿ ಕೆಲವೇ ದಿನಗಳಲ್ಲಿ ಕಲಿತಳು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಮೂಲಕ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಒಂದು ಶಾಲೆಯ ಬಾಗಿಲು ತೆರೆದರೆ ಒಂದು ಭಾಷೆಗೆ ಏನು ಸಿಗಬಹುದು ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ. ತೆರೆಯದೆ ಹೋದ ಬಾಗಿಲುಗಳಿಂದ ಏನು ಕಳೆದುಹೋಯಿತು ಎಂಬುದಕ್ಕೆ ಲೆಕ್ಕ ಹೇಳುವವರಾರು?

ಇತ್ತೀಚಿನ ಮೂರು ವರ್ಷಗಳು ಬೀಳ್ಕೊಡುಗೆಯ ಚರಿತ್ರೆಯಲ್ಲಿ ಬೇರೆಯೇ ಆಗಿ ನಿಲ್ಲುತ್ತವೆ. 2020ರ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಲಾಕ್‌ಡೌನಿನಿಂದ ಮುಂದೆ ಹೋಗಿ ಜೂನ್ 25ರಂದು ಆರಂಭವಾಯಿತು. ಮಕ್ಕಳು ಮಾಸ್ಕ್ ಕಟ್ಟಿಕೊಂಡು, ದೂರ ದೂರ ಕೂತು ಬರೆದರು. 2021ರಲ್ಲಿ ಪರೀಕ್ಷೆ ಜುಲೈ 19 ಮತ್ತು 22ರ ಎರಡು ದಿನಗಳಿಗೆ ಇಳಿಯಿತು. ಗೆಳತಿಯ ಕೈ ಹಿಡಿದು ಅಳುವುದಕ್ಕೂ ಆಗ ನಿಷೇಧವಿತ್ತು. ಆದರೆ ರೋಗ ಯಾರ ಹೆಸರನ್ನೂ ಕೇಳಿ ತಡೆದಿರಲಿಲ್ಲ.

2022ರದ್ದು ಹಾಗಲ್ಲ. ಫೆಬ್ರವರಿ 5ರಂದು ಸರಕಾರದ ಸಮವಸ್ತ್ರದ ಆದೇಶ ಬಂತು. 10ರಂದು ಹೈಕೋರ್ಟಿನ ಮಧ್ಯಂತರ ಆದೇಶ. 14ರಂದು ಹೈಸ್ಕೂಲುಗಳು ಮತ್ತೆ ತೆರೆದಾಗ ಹಲವೆಡೆ ಹುಡುಗಿಯರು ಗೇಟಿನ ಬಳಿ ನಿಂತು ಹಿಜಾಬ್ ತೆಗೆಯಬೇಕಾಯಿತು. ಕೆಲವರು ಮನೆಗೆ ಮರಳಿದರು. ಮಾರ್ಚ್ 15ರಂದು ತೀರ್ಪು, 28ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ. ಆ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ವಾದ ಏನೇ ಇರಲಿ, ಅದು ನಡೆದ ದಿನಗಳನ್ನು ಗಮನಿಸಿ. ಫೆಬ್ರವರಿ, ಮಾರ್ಚ್! ಅವು ಆಟೋಗ್ರಾಫಿನ, ಗ್ರೂಪ್ ಫೋಟೋದ, ಹಾಲ್ ಟಿಕೆಟಿನ ದಿನಗಳು. ಹತ್ತು ವರ್ಷ ಓದಿದ ಹುಡುಗಿ ತನ್ನ ಶಾಲೆಯಿಂದ ಕೊನೆಯದಾಗಿ ಹೊತ್ತುಕೊಂಡು ಹೋದ ಚಿತ್ರ ಗೇಟಿನದಾದರೆ, ನಮಗೆಲ್ಲರಿಗೂ ಅದು ನಷ್ಟವೇ. ಹಾಲ್ ಟಿಕೆಟ್ ಕೈಯಲ್ಲಿದ್ದೂ ಪರೀಕ್ಷೆ ಬರೆಯದ ಹುಡುಗಿಯರಿದ್ದರು. ಹಿಜಾಬ್ ಬಿಟ್ಟು ಬರೆದು ಮನಸ್ಸಿನಲ್ಲಿ ಬೇಯುತ್ತ ಬಂದವರೂ ಇದ್ದರು. ಎರಡೂ ಬಗೆಯವರ ಪರವಾಗಿ ಮಾತಾಡಿದ ಸಹಪಾಠಿಗಳೂ ಮೇಷ್ಟ್ರುಗಳೂ ಇದ್ದರೆಂಬುದನ್ನು ನಾವು ಮರೆಯಬಾರದು.

ಈಗ ನಮ್ಮಿಂದಾಗುವ ಕೆಲಸವೇನು? ಗೋಳು ಹೇಳಿಕೊಂಡರೆ ಖಾಲಿ ಕುರ್ಚಿ ತುಂಬುವುದಿಲ್ಲ. ಶಾಲೆಯ ಹಾಜರಿ ಪುಸ್ತಕವೇ ಒಂದು ಚರಿತ್ರೆಯ ಗ್ರಂಥ. ಎಂಟನೆಯ ತರಗತಿಯ ಹಾಜರಿ ಪುಸ್ತಕವನ್ನೂ ಹತ್ತನೆಯವರ ಗ್ರೂಪ್ ಫೋಟೋವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯಾರು ಕಾಣೆಯಾದರೆಂದು ಯಾವ ಸಮಿತಿಯೂ ಇಲ್ಲದೆ ತಿಳಿಯುತ್ತದೆ. ಜಮಾಅತ್‌ಗಳು, ಹಳೆಯ ವಿದ್ಯಾರ್ಥಿ ಸಂಘಗಳು, ಶಾಲಾಭಿವೃದ್ಧಿ ಸಮಿತಿಗಳು ಆ ಹೆಸರುಗಳನ್ನು ಬರೆದುಕೊಂಡು ಮನೆಗಳಿಗೆ ಹೋಗಬೇಕು. ಒಮ್ಮೆ ಫೇಲಾದರೆ ಎಲ್ಲ ಮುಗಿಯಿತೆಂಬ ಕಾಲವೂ ಇದಲ್ಲ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಬಾರಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಅವಕಾಶ ಮಕ್ಕಳಿಗೆ ಸಿಕ್ಕಿತ್ತು. ಖಾಸಗಿ ಅಭ್ಯರ್ಥಿಯಾಗಿ ಕೂರುವ ದಾರಿಯೂ ಇದೆ. ಅವಕಾಶ ಇದೆಯೆಂಬ ಸುದ್ದಿ ಆ ಮನೆಯ ಅಡುಗೆಕೋಣೆಯವರೆಗೆ ಮುಟ್ಟಬೇಕಷ್ಟೆ.

ಬೀಳ್ಕೊಡುಗೆಯಲ್ಲಿ ಮಕ್ಕಳು ಅಳುವುದನ್ನು ಕಂಡು ದೊಡ್ಡವರು ನಗುತ್ತಾರೆ. ನಗಬೇಕಾಗಿಲ್ಲ. ಕಣ್ಣೀರಿಟ್ಟು ಬೀಳ್ಕೊಳ್ಳುವುದಕ್ಕೂ ಮೊದಲು ಸೇರಿರಬೇಕು, ಕೊನೆಯವರೆಗೆ ಉಳಿದಿರಬೇಕು. ಆ ಅಳುವೂ ಒಂದು ಗಳಿಕೆಯೇ. ಅದು ನಮ್ಮ ಊರಿನ ಪ್ರತಿ ಹುಡುಗನಿಗೂ, ಪ್ರತಿ ಹುಡುಗಿಗೂ ದಕ್ಕಲಿ. ಮೊದಲ ರುಖ್ಸತ್ ಶಾಲೆಯಿಂದಲೇ ಆಗಲಿ.